ಕಿರಿಯರು ಮೊದಲು

ಅಧ್ಯಾಪಕರ ವಸತಿಗೃಹ, ಸೇನಾ ತರಬೇತಿ ಶಾಲೆ,
ಮಾರ್ಚ್ ೧೪

ಮಾತಿಗೊಂದು ಕೊಕ್ಕೆ ತೆಗೆಯುವ ನನ್ನ ಮುದ್ದಿನ ಮಗಳಿಗೆ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಬರೆಯಲು ಕೂತಾಗಲೆಲ್ಲ ಉತ್ತರಪತ್ರಿಕೆ ತಿದ್ದುವ ನೆಪ ಸಿಗುತ್ತಿತ್ತು, ನಾನೂ ಅದನ್ನೇ ಹಿಡಿದುಕೊಳ್ಳುತ್ತಿದ್ದೆ.

ನಾವಿಬ್ಬರೂ ಚೆನ್ನಾಗಿದ್ದೇವೆ. ನೀನು ರಜೆಗೆ ಬರುತ್ತೀಯೆಂದು ಅಪ್ಪ ನಿನ್ನ ಕೋಣೆಗೆ ಬಣ್ಣ ಹೊಡೆದರು. ಗೋಡೆಗಿಂತ ತಮಗೇ ಹೆಚ್ಚು ಬಳಿದುಕೊಂಡರು ಅನ್ನು. ರಜೆ ರದ್ದಾಯಿತೆಂದು ತಿಳಿದ ಮೇಲೂ ಇನ್ನೊಂದು ಸಲ ಹೊಡೆದರು. "ಒಂದ್ಕಡೆ ಬಣ್ಣ ಕಮ್ಮಿ ಆಗಿತ್ತು ಕಣೆ" ಅಂದರು. ಎಲ್ಲೂ ಕಮ್ಮಿಯಾಗಿರಲಿಲ್ಲ.

ತರಗತಿಯಲ್ಲಿ ನನ್ನದು ಅದೇ ಹಠ. ನೀನೂ ಆ ಮೇಜಿನ ಮುಂದೆ ಕೂತು ಕಲಿತವಳೇ. ನಕ್ಷೆ ಹರಡಿ ಯೋಜನೆ ವಿವರಿಸಿದ ಮೇಲೆ ಎಲ್ಲರಿಗಿಂತ ಕಿರಿಯರು ಮೊದಲು ತಪ್ಪು ಹುಡುಕಬೇಕು, ಹಿರಿಯರು ಕೊನೆಗೆ ಬಾಯಿಬಿಡಬೇಕು. ದೊಡ್ಡವರು ಮೊದಲೇ ಮಾತಾಡಿದರೆ ಉಳಿದವರಿಗೆ ಹೂಂಗುಟ್ಟುವುದೊಂದೇ ಕೆಲಸ. ಮೊನ್ನೆ ಹೊಸ ಅಧಿಕಾರಿಯೊಬ್ಬ, "ಮೇಡಂ, ಹೊರಗೂ ಹೀಗೇ ಮಾಡ್ಬಹುದಾ?" ಎಂದ. ನಾನು ಪಾಠದ ಪುಟ ತಿರುವಿಹಾಕಿದೆ.

ನಿಮ್ಮ ಕರ್ನಲ್ "ಯಾರಿಗಾದ್ರೂ ಏನಾದ್ರೂ ಕೇಳೋದಿದೆಯಾ?" ಎಂದದ್ದು ಬರೀ ಶಾಸ್ತ್ರಕ್ಕೆ. ನೀನು ನಿಜವೆಂದುಕೊಂಡು ಎಲ್ಲರಿಗಿಂತ ಮೊದಲು ಎದ್ದು ನಿಂತೆ, "ಸರ್, ಆ ಸೇತುವೆ ನಮ್ಮ ಲಾರಿಗಳ ಭಾರ ತಡೆಯಲ್ಲ" ಎಂದೆ. ಮೊದಲು ದಾಟಿಸಿದ ಖಾಲಿ ಲಾರಿಗೇ ಸೇತುವೆ ಬಿರುಕು ಬಿಟ್ಟಿತು. ಸದ್ಯ, ಯಾರಿಗೂ ಏನೂ ಆಗಲಿಲ್ಲ. ಆದರೆ ನಿನ್ನ ಮಾತು ನಿಜವಾದದ್ದೇ ನಿನಗೆ ಮುಳುವಾಯಿತು. ಈಗ ಕ್ಷಮಾಪಣೆ ಬರೆದುಕೊಟ್ಟರೆ ರಜೆ, ಇಲ್ಲವಾದರೆ ಆ ಬೆಟ್ಟದ ತುದಿಯ ಠಾಣೆಯಲ್ಲೇ ಇನ್ನೊಂದು ಚಳಿಗಾಲ. "ಏನ್ಮಾಡ್ಲಿ ಅಮ್ಮ?" ಎಂದು ಕೇಳಿದ್ದೀಯ.

ಬರೆದುಕೊಡಬೇಡ. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎಂದು ಗಾದೆಯೇ ಇದೆಯಲ್ಲ. ನಕ್ಷೆಯ ಮುಂದೆ ಆ ಗಾದೆ ನಡೆಯಬಾರದೆಂದೇ ನಾನು ಇಷ್ಟು ವರ್ಷ ಗಂಟಲು ಹರಿದುಕೊಂಡದ್ದು. ನಿನ್ನನ್ನು ನೆನೆದರೆ ಎದೆ ಉಬ್ಬುತ್ತದೆ.

ಬೆಚ್ಚಗಿರು. ಕಾಲುಚೀಲ ಒದ್ದೆಯಾದರೆ ಸೋಮಾರಿತನ ಮಾಡದೆ ಬದಲಿಸು. ನೂರು ಕಾಲ ಬಾಳು, ನೂರು ಪ್ರಶ್ನೆ ಕೇಳು.

ನಿನ್ನ
ಅಮ್ಮ

ತಾ.ಕ.: ಮೇಲಿನದೆಲ್ಲ ಮೇಡಂ ಬರೆದದ್ದು. ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದವಳು ನಿನ್ನ ಅಮ್ಮ. ನಿನ್ನ ಮುಖ ನೋಡದೆ ಇನ್ನೊಂದು ಚಳಿಗಾಲ ಕಳೆಯುವುದು ನನ್ನ ಕೈಲಾಗುವುದಿಲ್ಲ ಕಣೆ. ತಪ್ಪಾಯಿತೆಂದು ಬರೆದುಕೊಟ್ಟು ಬಂದುಬಿಡು. ಯಾಕೆ ಎಂದು ಮಾತ್ರ ಕೇಳಬೇಡ.