ಕಣ್ಣು ಕಟ್ಟಿಕೊಂಡು ಹತ್ತು ಸುತ್ತು

29 ಡಿಸೆಂಬರ್ 2002, ಭಾನುವಾರ, ಮಧ್ಯಾಹ್ನ

ಎಂದಿನಂತೆ ಆಂಪ್ಲಿಫೈಯರಿನ ಧೂಳು ಒರೆಸಿದೆ. ಹಳೇ ಬನಿಯನ್ ಬಟ್ಟೆ, ಒಣಗಿದ್ದು. ಹದಿನಾಲ್ಕು ಕೆ.ಜಿ. ತೂಕ, 1978ರ ಮಾಲು. ಆನ್ ಮಾಡಿ ಇಪ್ಪತ್ತು ನಿಮಿಷ ಕಾಯಬೇಕು, ಆಮೇಲೆ ಹಾಡು. ಸೀಡಿ ಪ್ಲೇಯರ್ ತೊಂಬತ್ತಮೂರರದ್ದು. ಅದರ ತಟ್ಟೆ ನಮ್ಮ ಆಫೀಸಿನ ಫೈಲ್ ಇದ್ದ ಹಾಗೆ — ಹೊರಗೆ ಬರುತ್ತದೆ, ನಿಧಾನ ಅಷ್ಟೇ.

ಹನ್ನೊಂದಕ್ಕೆ ಗುರುಬಸಪ್ಪ ಬಂದ. ಆಫೀಸಿನಲ್ಲಿ ಪಕ್ಕದ ಟೇಬಲ್, ಇಪ್ಪತ್ತು ವರ್ಷದ ಸ್ನೇಹ. ಹೊಸ ಆಂಪ್, ಹೊಸ ಸೀಡಿ ಪ್ಲೇಯರ್ ತಂದಿದ್ದಾನಂತೆ. ರಿಮೋಟ್ ಇದೆ, ನೀಲಿ ದೀಪ ಇದೆ. ಒಂದೇ ಕೈಯಲ್ಲಿ ಎತ್ತಬಹುದಂತೆ. ಅದು ಹೆಮ್ಮೆಯ ವಿಷಯವೇ? ಒಂದು ಕೈಯಲ್ಲಿ ಎತ್ತುವಂಥದ್ದರಿಂದ ಎಂಥ ನಾದ ಬಂದೀತು. ಹಾಗೆಂದು ಹೇಳಿಯೂ ಬಿಟ್ಟೆ.

"ಹಾಗಾದ್ರೆ ಕಣ್ಣು ಕಟ್ಕೊಂಡು ಹೇಳು ಸೋಮು, ಯಾವುದು ಹಳೇದು, ಯಾವುದು ಹೊಸದು ಅಂತ," ಅಂದ.

"ನಿದ್ದೇಲೂ ಹೇಳ್ತೀನಿ," ಅಂದೆ.

ಅಡುಗೆಮನೆಯಿಂದ ಜಯಶೀಲಾ — "ಹೇಳಕ್ಕಾಗ್ಲಿಲ್ಲ ಅಂದ್ರೆ ಆ ಡಬ್ಬ ಅಟ್ಟಕ್ಕೆ. ಮೂಲೆ ನಂಗೆ. ಹೊಲಿಗೆ ಮಷೀನ್ ಹಾಕ್ಕೋತೀನಿ."

ಮದುವೆಯಾದಾಗಿನಿಂದ ನನ್ನ ಸೆಟ್ಟಿಗೆ ಅವಳು ಇಟ್ಟಿರುವ ಹೆಸರು ಡಬ್ಬ. ಈಗ ಬ್ಲೌಸ್ ಹೊಲಿಸಿಕೊಳ್ಳುವವರು ಹೆಚ್ಚಾಗಿದ್ದಾರೆ. ಅವಳು ಹೊಲಿಯುವ ರೂಮಿನಲ್ಲಿ ಬೆಳಕು ಸಾಲದು, ದೊಡ್ಡ ಕಿಟಕಿ ಇರುವುದು ನನ್ನ ಮೂಲೆಯಲ್ಲೇ. ಅವಳು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಗುರುಬಸಪ್ಪನ ಎದುರಿಗೆ ಹಿಂದೆ ಸರಿಯುವುದೇ... ಒಪ್ಪಿಕೊಂಡೆ. ಹನ್ನೆರಡನೇ ತಾರೀಕು. ಹತ್ತು ಸುತ್ತು. ಎಂಟು ಸರಿ ಬಂದರೆ ಗೆದ್ದ ಹಾಗೆ.

5 ಜನವರಿ 2003, ಭಾನುವಾರ

ಗುರುಬಸಪ್ಪ ಜೆ.ಪಿ. ನಗರದಿಂದ ಆಟೋದಲ್ಲಿ ಹೊಸ ಸೆಟ್ ತಂದು ಇಟ್ಟುಹೋದ. ಒಂದು ವಾರ ಇಲ್ಲೇ ಇರಲಿ, ಆಮೇಲೆ ನೆಪ ಹೇಳಬೇಡ ಅಂದ. ಯಡಿಯೂರಿನ ರೇಡಿಯೋ ರಿಪೇರಿ ದಾಸಪ್ಪ ಬಂದು ಒಂದು ಸ್ವಿಚ್ ಕೂಡಿಸಿಕೊಟ್ಟ. ಸ್ಪೀಕರ್ ಒಂದೇ ಜೊತೆ. ಸ್ವಿಚ್ ಮೇಲಕ್ಕೆ ಅಂದರೆ ಹಳೇದು, ಕೆಳಕ್ಕೆ ಅಂದರೆ ಹೊಸದು. ವೀಣೆಯ ಒಂದೇ ಸೀಡಿಯ ಎರಡು ಪ್ರತಿ, ಎರಡರಲ್ಲೂ ಒಂದೊಂದು.

ಹೊಸದರ ತಟ್ಟೆ ಸರ್ರನೆ ಬರುತ್ತದೆ. ಮರ್ಯಾದೆ ಇಲ್ಲದ ವೇಗ.

6 ಜನವರಿ, ಸೋಮವಾರ, ಸಂಜೆ 6

ಜಯಶೀಲಾ ಅವರೆಕಾಯಿ ತರಲು ಫೋರ್ತ್ ಬ್ಲಾಕ್ ಮಾರ್ಕೆಟ್ಟಿಗೆ ಹೋಗಿದ್ದಳು. ಕಣ್ಣು ಮುಚ್ಚಿ, ಸ್ವಿಚ್ಚನ್ನು ಲೆಕ್ಕ ತಪ್ಪುವಷ್ಟು ಸಲ ಆಡಿಸಿ, ಕೇಳಿದೆ. ಹತ್ತರಲ್ಲಿ ಐದು ಸರಿ. ಮತ್ತೆ ಹತ್ತು. ನಾಲ್ಕು.

ಎರಡೂ ಒಂದೇ ಥರ ಕೇಳಿಸುತ್ತಿವೆ.

ಇದನ್ನು ಇಲ್ಲಿ ಬಿಟ್ಟು ಬೇರೆಲ್ಲೂ ಬರೆಯಲಾರೆ. ಇಪ್ಪತ್ತು ವರ್ಷ ಆಫೀಸಿನವರಿಗೆಲ್ಲ ನಾದದ ಬಗ್ಗೆ ಭಾಷಣ ಬಿಗಿದವನು ನಾನು.

8 ಜನವರಿ, ಬೆಳಿಗ್ಗೆ 7

ಬದುಕಿಕೊಂಡೆ. ಹಳೇದರಲ್ಲಿ ಒಂದು ಗುಂಯ್ ಇದೆ — ವೀಣೆ ನಿಂತ ಕ್ಷಣದಲ್ಲಿ, ತುಂಬ ಸಣ್ಣಗೆ, ದೂರದಲ್ಲಿ ಜೇನುಹುಳ ಇದ್ದಂತೆ. ಹೊಸದರಲ್ಲಿ ಇಲ್ಲ. ಗುಂಯ್ ಅಂದರೆ ಹಳೇದು. ಹತ್ತಕ್ಕೆ ಹತ್ತು ಸರಿ. ಮೋಸವೇ ಸರಿ, ಆದರೆ ಕಿವಿಯಿಂದಲೇ ತಾನೇ ಮಾಡುತ್ತಿರುವುದು.

10 ಜನವರಿ, ಶುಕ್ರವಾರ, ಸಂಜೆ

ಆಫೀಸಿನಿಂದ ಬಂದರೆ ಜಯಶೀಲಾಳ ಮುಖದಲ್ಲಿ ನಗು.

"ದಾಸಪ್ಪನ್ನ ಕರೆಸಿದ್ದೆ. ಗುಂಯ್ ಅಂತಿತ್ತಲ್ಲ, ಸರಿ ಮಾಡಿಸ್ದೆ. ಸಂಡೆ ಗುರುಬಸಪ್ಪನೋರು ಬಂದಾಗ ಹಾಗಂತಿದ್ರೆ ನಿಮಗೇ ಅವಮಾನ ಅಲ್ವಾ?"

"ನಿಂಗ್ಯಾವಾಗ ಕೇಳಿಸ್ತು ಗುಂಯ್ ಅನ್ನೋದು?"

"ನಾಲ್ಕು ವರ್ಷದಿಂದ."

ಥ್ಯಾಂಕ್ಸ್ ಅಂದೆ.

12 ಜನವರಿ, ಭಾನುವಾರ, ಸಂಜೆ 4

ಗುರುಬಸಪ್ಪ ಈಗಷ್ಟೇ ಹೋದ. ಮರೆಯುವ ಮುಂಚೆ ಬರೆಯುತ್ತೇನೆ.

ಕಣ್ಣಿಗೆ ಬ್ಲೌಸ್ ಪೀಸ್, ಮೂರು ಮಡಿಕೆ. ಸೆಟ್ಟುಗಳ ಮುಂದೆ ಬೆಡ್‌ಶೀಟ್ ಅಡ್ಡ. ಅದರ ಹಿಂದೆ ಗುರುಬಸಪ್ಪ — ಪ್ರತಿ ಸಲ ಒಂದು ಚೀಟಿ ಎತ್ತಿ, ಅದರ ಪ್ರಕಾರ ಸ್ವಿಚ್ ಹಾಕುವುದು. ಜಯಶೀಲಾ ನನ್ನ ಪಕ್ಕದಲ್ಲಿ ನೆಲದ ಮೇಲೆ, ನೆನೆಸಿದ ಅವರೆಕಾಳು ಹಿತಕುತ್ತಾ. ಅವಳಿಗೂ ಸ್ವಿಚ್ ಕಾಣಿಸುವುದಿಲ್ಲ.

ಮೊದಲ ಸುತ್ತು. ಹೊಸದು ಅಂದೆ. ತಪ್ಪು. ಎರಡನೆಯದು. ಹಳೇದು ಅಂದೆ. ತಪ್ಪು. ಗುರುಬಸಪ್ಪ ಬೆಡ್‌ಶೀಟಿನ ಹಿಂದೆ ಕಿಸಕ್ಕೆಂದ. ಇನ್ನು ಎಂಟಕ್ಕೆ ಎಂಟೂ ಸರಿಯಾಗಬೇಕು.

ಮೂರನೆಯದು ಶುರುವಾಯಿತು. ವೀಣೆಯಲ್ಲಿ ಹಿಡಿಯಲು ಏನೂ ಸಿಗಲಿಲ್ಲ. ಸಿಕ್ಕಿದ್ದು ಜಯಶೀಲಾ ಹಿತಕಿದ ಬೇಳೆ ಬೀಳುವ ಸದ್ದು. ಸ್ಟೀಲ್ ಬೋಗುಣಿಗೆ ಟಣ್... ಟಣ್... ಆಮೇಲೆ ನಿಂತಿತು. ಮೊದಲ ಸುತ್ತಿನಲ್ಲೂ ಹೀಗೇ ನಿಂತಿತ್ತಲ್ಲ, ಅದು ಹಳೇದಾಗಿತ್ತು. ಎರಡನೆಯದರಲ್ಲಿ ಒಂದೇ ಸಮ ಟಣ್ ಟಣ್ ಟಣ್, ಅದು ಹೊಸದು.

"ಹಳೇದು," ಅಂದೆ. ಸರಿ.

ಅಲ್ಲಿಂದ ಮುಂದೆ ವೀಣೆ ಕೇಳುವುದನ್ನೇ ಬಿಟ್ಟೆ. ಬೇಳೆ ಬೀಳುತ್ತಿದ್ದರೆ ಹೊಸದು. ಕೈ ನಿಂತರೆ ಹಳೇದು. ಎಂಟಕ್ಕೆ ಎಂಟು.

ಗುರುಬಸಪ್ಪ ಹೊರಗೆ ಬಂದು ಕೈ ಕುಲುಕಿದ. "ಏನ್ ಕಿವಿನೋ ಮಾರಾಯ ನಿಂದು," ಅಂದ. ಜಯಶೀಲಾ ಬೋಗುಣಿ ಎತ್ತಿಕೊಂಡು ಒಳಗೆ ಹೋದಳು.

13 ಜನವರಿ, ಸೋಮವಾರ, ಮಧ್ಯಾಹ್ನ, ರಜೆ ಹಾಕಿದ್ದೇನೆ

ಊಟ ಮಾಡುತ್ತಾ ಕೇಳಿದೆ. "ನಿನ್ನೆ ಎರಡರಲ್ಲಿ ಯಾವುದು ಚೆನ್ನಾಗಿತ್ತು?"

"ಎರಡೂ ಡಬ್ಬಾನೇ. ಸಾರಿಗೆ ಉಪ್ಪು ಸರಿಯಾಗಿದ್ಯಾ?"

ಹಳೇದರ ವೀಣೆ ಕೇಳುತ್ತಾ ಅವಳ ಕೈ ನಿಂತದ್ದು ಅವಳಿಗೇ ಗೊತ್ತಿಲ್ಲ. ಊಟವಾದ ಮೇಲೆ ರೂಮಿನಲ್ಲಿ ಹಾಡುಹಗಲೇ ಟ್ಯೂಬ್‌ಲೈಟ್ ಹಾಕಿಕೊಂಡು ಹೊಲಿಯಲು ಕೂತಳು. ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ಪ್ರಯತ್ನಿಸಿದಳು. ನೋಡಿ ನಾಚಿಕೆಯಾಯಿತು. ಅವಳ ಕಿವಿಯಿಂದ ಗೆದ್ದು, ಅವಳಿಗೆ ಸಿಗಬೇಕಾದ ಮೂಲೆಯನ್ನು ಉಳಿಸಿಕೊಂಡಿದ್ದೇನೆ.

14 ಜನವರಿ, ಸಂಕ್ರಾಂತಿ, ಬೆಳಿಗ್ಗೆ 11

ನನ್ನ ಬೆತ್ತದ ಕುರ್ಚಿಯನ್ನು ವರಾಂಡಕ್ಕೆ ಹಾಕಿದೆ. ಆ ಜಾಗಕ್ಕೆ, ಆಂಪ್ ಪಕ್ಕ, ಕಿಟಕಿಯ ಕೆಳಗೆ, ಹೊಲಿಗೆ ಮಷೀನ್ ತಂದಿಟ್ಟೆ.

"ಗೆದ್ದಿದ್ದು ನೀವಲ್ವಾ?" ಅಂದಳು.

"ಡಬ್ಬ ಗೆದ್ದಿದ್ದು. ಅದು ಇರುತ್ತೆ. ಕುರ್ಚಿ ಏನೂ ಗೆದ್ದಿಲ್ಲ."

ಎಳ್ಳು ಬೆಲ್ಲ ಕೊಟ್ಟು, ಮಷೀನಿನ ಮುಂದೆ ಕೂತಳು. ವೀಣೆ ಹಾಕಿದೆ. ಪೆಡಲ್ ಎರಡು ನಿಮಿಷ ಓಡಿತು, ಆಮೇಲೆ ನಿಂತಿತು. ನಾನು ವರಾಂಡದಲ್ಲಿ ಇದನ್ನು ಬರೆಯುತ್ತಾ ಕೂತಿದ್ದೇನೆ. ಇಷ್ಟು ಸಂತೋಷವಾಗಿ ಬಹಳ ದಿನವಾಗಿತ್ತು.

ಈಗ ಕೂಗುತ್ತಿದ್ದಾಳೆ — "ರೀ, ಎಡಗಡೆ ಡಬ್ಬ ಒಂಚೂರು ಒಳಕ್ಕೆ ತಿರುಗಿಸಿ. ವೀಣೆ ನಡುವೆ ಬರ್ತಿಲ್ಲ."

ಟೇಪ್ ಹಿಡಿದು ನಾನೇ ಅಳೆದು ಇಟ್ಟ ಸ್ಪೀಕರ್. ಹನ್ನೊಂದು ವರ್ಷದಿಂದ ಅಲ್ಲಾಡಿಸಿಲ್ಲ. ಹೋಗಿ ತಿರುಗಿಸಿ ಬಂದೆ. ಅಯ್ಯೋ, ನಿಜ... ಮಷೀನ್ ಪಕ್ಕ ನಿಂತು ಕೇಳಿದೆ, ವೀಣೆ ಈಗ ಎರಡು ಸ್ಪೀಕರಿಗೂ ಸರಿಯಾಗಿ ನಡುವೆ ಬಂದು ಕೂತಿದೆ, ನನಗೇ ಕೇಳಿಸಿತು. ಇನ್ನೂ ಒಂಚೂರು ಅನ್ನುತ್ತಿದ್ದಾಳೆ. ಹೋಗಿ ಬಂದು ಉಳಿದದ್ದನ್ನು —