ನೂರಾಳ ಹಾಜರಿ

ಪ್ರೀತಿಯ ಲಿಲ್ಲಿ ಬಾಯಿ,

ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ. ಈ ಅರಬ್ ನಾಡಿನ ಅಭಾ ಊರಿನ ನಮ್ಮ ವಿಶ್ವವಿದ್ಯಾಲಯದಲ್ಲಿ, ವಾಕರಿಕೆಯಿಂದ ಒದ್ದಾಡುವ ಬಸುರಿ ವಿದ್ಯಾರ್ಥಿನಿಯರಿಗೆಂದು ನೀವು ತರಿಸುತ್ತಿದ್ದ ಖರ್ಜೂರದ ಬಿಸ್ಕತ್ತುಗಳ ಕಳ್ಳ ನಾನೇ. ಪೇಟೆಯಿಂದ ತಂದು ಹೆಂಗಸರ ವಿಭಾಗದ ಗೇಟಿನಲ್ಲಿ ಒಪ್ಪಿಸುವುದು ನನ್ನ ಕೆಲಸ. ಪ್ರತಿ ಡಬ್ಬಿಯೂ ದಾರಿಯಲ್ಲಿ ಸ್ವಲ್ಪ ಹಗುರಾಗುತ್ತಿತ್ತು. ನೀವು ಅಂಗಡಿಯವನಿಗೆ ಬೈಯುತ್ತಿದ್ದಿರಿ, ನಾನೂ ದನಿ ಸೇರಿಸುತ್ತಿದ್ದೆ. ನನ್ನ ಹೊಟ್ಟೆಯಲ್ಲಿ ಮಗುವಿರಲಿಲ್ಲ, ಹಸಿವಿತ್ತು. ಇದು ಸಣ್ಣ ಅಪರಾಧ. ದೊಡ್ಡದನ್ನು ಹೇಳುವ ಮೊದಲು ನಾಲಿಗೆಗೆ ಸ್ವಲ್ಪ ಅಭ್ಯಾಸ ಬೇಕಿತ್ತು.

ನೀವು ನನ್ನನ್ನು ಈ ಸೇವೆಗೆ ಎಳೆದ ಶುಕ್ರವಾರ ನೆನಪಿದೆಯೇ? ನಮ್ಮ ಕ್ವಾರ್ಟರ್ಸಿನಲ್ಲಿ ನನ್ನಾಕೆ ಝುಲೈಖಾ ನೀರ್ದೋಸೆ ಎರೆಯುತ್ತಿದ್ದಳು. ನೀವು ಹೆಂಗಸರ ವಿಭಾಗದ ಕ್ಲಿನಿಕ್ಕಿನ ನರ್ಸ್ ಸಮವಸ್ತ್ರದಲ್ಲೇ ಬಂದಿದ್ದಿರಿ, ಶಿಲುಬೆಯ ಸರ ಎಂದಿನಂತೆ ಕಾಲರಿನೊಳಗೆ.

"ಇಲ್ಲಿ ಎಷ್ಟೋ ಹುಡುಗಿಯರಿಗೆ ಓದುವಾಗಲೇ ಮದುವೆ ಆಗಿರ್ತದೆ ಮೇಷ್ಟ್ರೇ. ಬಸುರಾದರೆ ಓದು ನಿಲ್ತದೆ ಅಂತ ಹೆದರಿ ಎಲ್ಲಿಂದಲೋ ಮಾತ್ರೆ ತರಿಸಿ ನುಂಗ್ತಾರೆ. ಮಗು ಉಳೀಬೇಕು, ಓದೂ ಉಳೀಬೇಕು. ನೀವು ಅವರಿಗೆ ಎರಡು ಮಾತು ಹೇಳಬೇಕು."

"ನಾನು ಗಂಡಸು ಬಾಯಿ. ಆ ಗೇಟು ದಾಟಲಿಕ್ಕುಂಟಾ?"

"ದಾಟುವುದೆಂತಕ್ಕೆ? ನೀವು ದಿನಾ ಟಿವಿಯಲ್ಲಿ ಬರುವುದಿಲ್ವಾ ಮಾರಾಯ್ರೆ!"

ಅದು ನಿಜವೇ. ಗಂಡಸರ ಕಟ್ಟಡದ ಒಂದು ಖಾಲಿ ಕೋಣೆಯಲ್ಲಿ ಕುಳಿತು ನಾನು ಕ್ಯಾಮೆರಾಕ್ಕೆ ಇಂಗ್ಲಿಷ್ ಪಾಠ ಹೇಳುತ್ತಿದ್ದೆ. ಹುಡುಗಿಯರು ಆಚೆ ಕಟ್ಟಡದಲ್ಲಿ ಪರದೆಯ ಮೇಲೆ ನನ್ನನ್ನು ನೋಡುತ್ತಿದ್ದರು. ಅವರಿಂದ ನನಗೆ ಬರುತ್ತಿದ್ದದ್ದು ಸ್ವರ ಮಾತ್ರ. ಪಿಎಚ್‌ಡಿ ಇಲ್ಲದ ನನ್ನನ್ನೂ ಅವರು ಡಾಕ್ಟರ್ ಎನ್ನುತ್ತಿದ್ದರು, ನಾನು ತಿದ್ದಲು ಹೋಗಲಿಲ್ಲ. ಅಂತೂ ಭಾಷಣ ಮಾಡಿದೆ. 'ಇನ್ನೂ ಹೆಸರಿಡದವರಿಗೂ ಈ ಲೋಕದಲ್ಲಿ ಒಂದು ಕುರ್ಚಿ ಇದೆ' ಎಂದೆ. ನಿಮ್ಮ ಕಣ್ಣು ಒದ್ದೆಯಾಯಿತೆಂದು ಝುಲೈಖಾ ಹೇಳಿದಳು. ಅವಳು ಆಗ ನಿಮ್ಮ ಜೊತೆ ಆಚೆ ಬದಿಯಲ್ಲಿ ಕುಳಿತು ಆ ಹುಡುಗಿಯರಿಗೆ ಚಹಾ ಕೊಡುತ್ತಿದ್ದಳು, ಅಳುವವರ ಬೆನ್ನು ಸವರುತ್ತಿದ್ದಳು. ನೀವು ಹೆಸರಿಗೆ ಬಾಯಿ, ಕೆಲಸವೆಲ್ಲ ಕೈಯದು. ನಾನೋ, ಬರೀ ಬಾಯಿ.

ಕೆಲವು ವಾರಗಳ ಮೇಲೆ ನೀವು ಫೋನ್ ಮಾಡಿದಿರಿ. "ಮಾತ್ರೆ ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದಳು. ನಿಮ್ಮ ಕ್ಲಾಸಿನವಳು. ಡಾಕ್ಟರ್ ನಮ್ಮವರೇ, ನಿನ್ನ ಹಾಜರಿ ಅವರು ನೋಡಿಕೊಳ್ತಾರೆ ಅಂತ ಹೇಳಿದೆ. ಮಾತ್ರೆ ನನ್ನ ಕೈಗೆ ಕೊಟ್ಟು ಹೋದಳು."

"ಹೆಸರು?"

"ಅದು ಅವಳ ಗುಟ್ಟು, ನಾನು ಹೇಳಲಿಕ್ಕಿಲ್ಲ. ಅವಳೇ ಮಾತಾಡಿದಾಗ ಸ್ವಲ್ಪ ಕಿವಿ ಕೊಡಿ, ಆಯ್ತಾ?"

ಆಯ್ತು ಎಂದೆ. ಎಷ್ಟು ಸಲೀಸಾಗಿ ಎಂದೆ!

ಹಾಜರಿ ಕಡಿಮೆಯಾಗಿ ಪರೀಕ್ಷೆಗೆ ಕೂರುವಂತಿಲ್ಲದವರ ಹೆಸರು ಓದುವ ದಿನ ಬಂತು. ನೂರಾ ಎಂದೆ. ಮೈಕಿನಲ್ಲಿ ಸಣ್ಣ ಸ್ವರ ಕೇಳಿಸಿತು: "ಡಾಕ್ಟರ್, ನನಗೊಂದು ಕಾರಣ ಇದೆ." ತುಂಬಿದ ಕ್ಲಾಸು, ಪರದೆಯ ಮೇಲೆ ಪರಗಂಡಸು. ಆ ಕಾರಣವನ್ನು ಅವಳು ಹೇಗೆ ಬಾಯಿಬಿಟ್ಟು ಹೇಳಿಯಾಳು? ಎದುರಿಗಿದ್ದಿದ್ದರೆ ನನ್ನ ಕಣ್ಣಿಗೇ ಕಾಣುತ್ತಿತ್ತು. ನಾನೆಂದೆ: "ಕಾರಣ ಎಲ್ಲರಿಗೂ ಇರುತ್ತದಮ್ಮ, ಹಾಜರಿ ಮಾತ್ರ ಇರುವುದಿಲ್ಲ." ಆಚೆ ಕೋಣೆಯೆಲ್ಲ ನಕ್ಕಿತು. ನನಗೆ ಖುಷಿಯಾಯಿತು ಬಾಯಿ, ಜೋಕು ಕೂತಿತಲ್ಲ ಎಂದು. ಅವಳ ಮೈಕು ಆರಿತು. ನಾನು ಮುಂದಿನ ಹೆಸರು ಓದಿದೆ.

ಆ ಸಂಜೆ ನಿಮ್ಮ ಫೋನು. ಜಗಳ ಮಾಡುತ್ತೀರೆಂದುಕೊಂಡಿದ್ದೆ. ನೀವು ಮೆಲ್ಲಗೆ ಕೇಳಿದಿರಿ, "ಎಂತ ಮಾಡಿದಿರಿ ಮೇಷ್ಟ್ರೇ?"

"ನನಗೆ ಕಾಣಲಿಲ್ಲ ಬಾಯಿ."

"ಕಾಣಲಿಕ್ಕೆ ಯಾರು ಹೇಳಿದ್ದು? ಕೇಳಲಿಕ್ಕಲ್ವಾ ಹೇಳಿದ್ದು? ಆ ಮಗು ಹೊಟ್ಟೆಯಲ್ಲಿ ಉಳಿದದ್ದು ನಿಮ್ಮ ಮಾತು ನಂಬಿ. ಡೀನ್ ಹತ್ತಿರ ಹೋಗಿ, ತಪ್ಪಾಯ್ತು ಅಂತ ಹೇಳಿ. ಅಷ್ಟೇ."

ಅಷ್ಟೇ. ಆದರೆ ಅದು ನನ್ನ ಕಾಂಟ್ರಾಕ್ಟ್ ನವೀಕರಣವಾಗುವ ಹೊತ್ತು. ತಪ್ಪು ಒಪ್ಪಿಕೊಂಡ ವಿದೇಶಿ ಮೇಷ್ಟ್ರನ್ನು ಇಟ್ಟುಕೊಳ್ಳುತ್ತಾರೋ, ವಿಮಾನ ಹತ್ತಿಸುತ್ತಾರೋ? ನಾಳೆ ಹೋಗುತ್ತೇನೆ ಎಂದೆ. ಮರುದಿನ ಡೀನ್ ಬಾಗಿಲವರೆಗೆ ಹೋದೆ. ಒಳಗೆ ಯಾರೋ ಇದ್ದರು. ಯಾರೂ ಇಲ್ಲದಿದ್ದರೂ ನಾನು ಬಹುಶಃ...

ನೀವು ಹೊಟ್ಟೆನೋವೆಂದು ರಜೆ ಹಾಕಿ ಉಡುಪಿಗೆ ಹೋದಿರಿ. ಪರೀಕ್ಷೆಯ ವಾರ ಆಸ್ಪತ್ರೆಯಿಂದ ಫೋನ್ ಮಾಡಿದಿರಿ. ನಿಮ್ಮ ಕಾಯಿಲೆಯ ಹೆಸರು ಅಷ್ಟರಲ್ಲಿ ನಮಗೆಲ್ಲ ಗೊತ್ತಾಗಿತ್ತು. ಸ್ವರ ಮಾತ್ರ, ನನ್ನ ವಿದ್ಯಾರ್ಥಿನಿಯರದ್ದು ಬರುವ ಹಾಗೆಯೇ. ಅಷ್ಟು ದೂರದಿಂದ ನೀವು ಕೇಳಿದ್ದು ಒಂದೇ ಪ್ರಶ್ನೆ: "ಹುಡುಗಿ ಪರೀಕ್ಷೆ ಬರೆದಳಾ?"

"ಬರೆದಳು ಬಾಯಿ. ಚೆನ್ನಾಗಿ ಬರೆದಳಂತೆ."

"ದೇವರು ದೊಡ್ಡವನು," ಎಂದಿರಿ. ನಮ್ಮವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು, ನಿಮ್ಮ ಬಾಯಿಂದ ಬಂದಾಗ ನನಗೆ ತಲೆ ಎತ್ತಲಾಗಲಿಲ್ಲ. ಆ ತಿಂಗಳೇ ನೀವು ಹೋದಿರಿ. ನಾನು ನಿಮ್ಮನ್ನು ಸಮಾಧಾನಪಡಿಸಲು ಸುಳ್ಳು ಹೇಳಿದೆನೋ, ಇನ್ನೊಮ್ಮೆ 'ಎಂತ ಮಾಡಿದಿರಿ' ಎಂದು ಕೇಳಬಾರದೆಂದು ಹೇಳಿದೆನೋ? ಉತ್ತರ ನಿಮಗೆ ಗೊತ್ತಿದೆ. ನನಗೂ.

ಈಗ ನಿಮಗೆ ತಲುಪದ ಸುದ್ದಿ. ಮೊನ್ನೆ ಝುಲೈಖಾ ಲಸಿಕೆ ಹಾಕಿಸುವಲ್ಲಿ ನೂರಾಳನ್ನು ನೋಡಿದಳು. ಹೆಣ್ಣು ಮಗು ಬಾಯಿ! ಓಡಾಡುತ್ತದೆ, ಝುಲೈಖಾಳ ಚೀಲ ಎಳೆದುಕೊಂಡು ಬಾಗಿಲವರೆಗೆ ಹೋಯಿತಂತೆ. ನೂರಾ ನಿಮ್ಮನ್ನು ಕೇಳಿದಳು, ಸುದ್ದಿ ತಿಳಿದು ಅಲ್ಲೇ ಕುಳಿತು ಅತ್ತಳು. ಕಾಲೇಜು? 'ಮುಂದಿನ ವರ್ಷ ಸೇರುತ್ತೇನೆ' ಎಂದಳಂತೆ. ಕಳೆದ ವರ್ಷವೂ ಹಾಗೆಯೇ ಅಂದುಕೊಂಡಿದ್ದಳಂತೆ. ನನ್ನನ್ನು ಬೈದಳಾ ಎಂದು ಕೇಳಿದೆ. "ಇಲ್ಲ, ನಿಮ್ಮವರು ತುಂಬಾ ನಗಿಸ್ತಿದ್ದರು ಅಂದಳು," ಎಂದಳು ಝುಲೈಖಾ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆದರೂ ನಿಮ್ಮ ಮುಂದೆ ಒಂದು ಹೆಮ್ಮೆಯ ಮಾತು ಹೇಳಬಹುದೇ? ನೂರಾಳ ನಂತರ ಇಂದಿನವರೆಗೆ ನನ್ನ ಕ್ಲಾಸಿನಲ್ಲಿ ಹಾಜರಿ ಸಾಲದೆ ಒಬ್ಬ ಬಸುರಿಯೂ ಪರೀಕ್ಷೆ ಕಳೆದುಕೊಂಡಿಲ್ಲ. ಊರವರು ಸೇರಿದಲ್ಲೆಲ್ಲ ಇದನ್ನು ಎದ್ದುನಿಂತು ಹೇಳುತ್ತೇನೆ, ಚಪ್ಪಾಳೆಯೂ ಬೀಳುತ್ತದೆ. ಝುಲೈಖಾ ಮಾತ್ರ ಕೈ ತಟ್ಟುವುದಿಲ್ಲ, ಸೆರಗು ಸರಿಮಾಡಿಕೊಳ್ಳುತ್ತಾಳೆ. ಅವಳಿಗೆ ಗೊತ್ತು. ಆ ಸೆಮಿಸ್ಟರ್ ಮುಗಿದ ಮೇಲೆ ನನಗೆ ಕೊಡುತ್ತಿರುವುದು ಬರೀ ಗಂಡು ಹುಡುಗರ ಕ್ಲಾಸು, ಬಾಯಿ.

ನಿಮ್ಮ
ಮೇಷ್ಟ್ರು