ಡಬ್ಬಿ ತೆರೆಯುವ ಮುನ್ನ

ಜೂನ್ ೧೪

ಪ್ರೀತಿಯ ಅಕ್ಕನಿಗೆ,

ನಿನ್ನ ಮೂರು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ. ಇಲ್ಲಿ ನಾವಿಬ್ಬರೂ ಕ್ಷೇಮ, ಇವರ ಮೊಣಕಾಲು ನೋವೂ ಕ್ಷೇಮ.

ಹೋದ ವಾರ ಗುಂಡನ ಟೀಚರ್ ಮನೆಗೆ ಬಂದಿದ್ದರು. ಮಗ ಹೋಗಿ ಎರಡು ವರ್ಷದ ಮೇಲೆ ಆ ಮುಖ ಕಂಡೆ. ಜೊತೆಗೆ ಇನ್ನೊಬ್ಬಳು ತಾಯಿ. ಅವಳ ಮಗಳು ಹೊಸದಾಗಿ ಶಾಲೆಗೆ ಸೇರಿದ್ದಾಳೆ, ನಮ್ಮ ಗುಂಡನ ಹಾಗೆಯೇ ಕಡಲೆಕಾಯಿ ಆಗುವುದಿಲ್ಲವಂತೆ, ಒಂದು ಚೂರು ಹೊಟ್ಟೆಗೆ ಹೋದರೂ ಜೀವಕ್ಕೇ ಅಪಾಯ. "ಡಬ್ಬಿ ಕಟ್ಟೋದು ನಿಮ್ಮಷ್ಟು ಯಾರಿಗೂ ಗೊತ್ತಿಲ್ಲ, ಸ್ವಲ್ಪ ಹೇಳಿಕೊಡಿ" ಅಂದರು ಟೀಚರ್.

ಹೇಳಿಕೊಟ್ಟೆ ಅಕ್ಕ. ಮಗುವಿಗೇ ಅಂತ ಬೇರೆ ಚಾಕು, ಬೇರೆ ಸೌಟು, ಮುಚ್ಚಳದ ಮೇಲೆ ಹೆಸರು. ಬಸ್ಸಿನಲ್ಲಿ ಕೂರುವ ಮುಂಚೆ ಸೀಟು ಒರೆಸಬೇಕು, ಪ್ರಯಾಣದಲ್ಲಿ ಒಂದು ಹೊತ್ತಿನ ತಿಂಡಿ ಹೆಚ್ಚಿಗೆ ಇರಲಿ. ಆ ತಾಯಿ ಪರೀಕ್ಷೆಗೆ ಕೂತವಳ ಹಾಗೆ ಒಂದೊಂದನ್ನೂ ಬರೆದುಕೊಂಡಳು. ನನಗೆ ನಗುವೂ ಬಂತು, ಮೊದಲ ವರ್ಷ ನಾನೂ ಹಾಗೇ ಇದ್ದೆನಲ್ಲ.

ಗುಂಡನ ತರಗತಿಯಲ್ಲಿ ಇವತ್ತಿಗೂ ಯಾರೂ ಕಡಲೆಕಾಯಿ ತರುವುದಿಲ್ಲವಂತೆ. "ಇನ್ಮೇಲೆ ತರಬಹುದು ಅಂದ್ರೂ ಮಕ್ಕಳು ಕೇಳಲ್ಲಮ್ಮ. ಡಬ್ಬಿ ತೆಗೆಯೋ ಮುಂಚೆ 'ಓದಿದ್ಯಾ?' ಅಂತ ಒಬ್ಬರನ್ನೊಬ್ಬರು ಕೇಳ್ತಾರೆ" ಅಂದರು ಟೀಚರ್. ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಓದಿದ್ದೇನೋ ಇಲ್ಲವೋ ಅಂತ ಗುಂಡ ಕೇಳುತ್ತಿದ್ದನಲ್ಲ, ಅದೇ ರಾಗದಲ್ಲಂತೆ. ಈಗ ಶಾಲೆಯಲ್ಲಿ ಊಟದ ಗಂಟೆ ಹೊಡೆದರೆ ಕಿಟಕಿ ಮುಚ್ಚಿಬಿಡುತ್ತೇನೆ. ಆದರೂ ಕೇಳಿಸುತ್ತದೆ.

ಭಾವನಿಗೆ ನಮಸ್ಕಾರ. ನಿನ್ನ ಮಕ್ಕಳು ನೂರು ವರ್ಷ ಬಾಳಲಿ.

ನಿನ್ನ ತಂಗಿ

ತಾ.ಕ.: ಬಾಗಿಲಲ್ಲಿ ನಿಂತು ಆ ತಾಯಿ ಮೆಲ್ಲಗೆ ಕೇಳಿದಳು, "ನಿಮ್ಮ ಮಗನಿಗೆ ಏನಾಯ್ತು?" ಎಲ್ಲರಿಗೂ ಹೇಳಿದ್ದನ್ನೇ ಹೇಳಿದೆ: ಬಸ್ ನಿಂತ ಕಡೆಯ ಹೋಟೆಲಿನ ಊಟದಿಂದ ಅಂತ. ಎರಡು ವರ್ಷದ ಹಿಂದೆ ಇದನ್ನೇ ನಂಬಿ ನೀನು ಅಲ್ಲಿಗೇ ಹೋಗಿ ಆ ಹೋಟೆಲಿನವನ ಮೇಲೆ ಕೂಗಾಡಿ ಬಂದೆ, ನಾನು ಬಾಯಿ ಬಿಡಲಿಲ್ಲ. ಅವನ ತಪ್ಪಿಲ್ಲ ಅಕ್ಕ. ನಾಳೆ ಆ ತಾಯಿಯ ಮನೆಗೆ ಹೋಗಿ ನಿಜ ಹೇಳುತ್ತೇನೆ, ಅದಕ್ಕೂ ಮೊದಲು ನಿನಗೆ. ಬಸ್ಸು ಹೊರಟ ಮೇಲೆ ನಾನೇ ಬಿಸ್ಕತ್ತು ಕೊಟ್ಟೆ. ಯಾವಾಗಲೂ ತರುವ ಅದೇ ಪೊಟ್ಟಣ. ಒಳಗಿನದು ಬದಲಾಗಿ ಕಡಲೆಕಾಯಿ ಸೇರಿತ್ತು, ಹಾಗಂತ ಅದರ ಮೇಲೆ ಬರೆದೂ ಇತ್ತು. ಗುಂಡ ಎಂದಿನಂತೆ ಕೇಳಿದ, "ಅಮ್ಮಾ, ಓದಿದ್ಯಾ?"

ನಾನು ಓದಿರಲಿಲ್ಲ. "ಓದಿದೀನಿ ಕಣೋ, ತಿನ್ನು" ಅಂದೆ.